ಚಳಿ ದೇಶಕ್ಕೆ ಬಂದಾಗಿನಿಂದ ಕಾಲೆಲ್ಲ ತುರಿಕೆ, ಇದು ಅಲರ್ಜಿನಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಸೆಕೆಯ ಊರಲ್ಲಿ ಬೆಳೆದವಳು ನಾನು. ಇದು ಇಲ್ಲಿ ನನ್ನ ಮೊದಲ ಚಳಿಗಾಲ. ಹೊರಗೆ ಮೈನಸ್ 10 ಡಿಗ್ರಿ, ಅದನ್ನು ಹೇಗೋ ತಡೆದುಕೊಳ್ಳುತ್ತಿದ್ದೇನೆ. ಆದರೆ ರಾತ್ರಿಯಾದರೆ ಮೊಣಕಾಲಿನ ಕೆಳಗೆ ವಿಪರೀತ ತುರಿಕೆ. ಕೆರೆದರೆ ಬಿಳಿ ಗೆರೆ ಏಳುತ್ತದೆ. ಬೆಳಗ್ಗೆ ಮೂಗು ಸೀಟಿದರೆ ರಕ್ತದ ಎಳೆ. ಸುಡು ಸುಡು ನೀರಲ್ಲಿ ಅರ್ಧ ಗಂಟೆ ಸ್ನಾನ ಮಾಡಿದರೆ ಹಾಯೆನಿಸುತ್ತದೆ, ಆಮೇಲೆ ಇನ್ನೂ ಜಾಸ್ತಿ. ಅಲರ್ಜಿನಾ?

ಡಾಕ್ಟರ್: ಅಲರ್ಜಿ ಇರಲಿಕ್ಕಿಲ್ಲ. ಬಿಳಿ ಗೆರೆ ಅಂದಿರಲ್ಲ, ಅದು ಒಣಚರ್ಮದ ಲಕ್ಷಣ. ತಣ್ಣನೆಯ ಗಾಳಿಯಲ್ಲಿ ನೀರಿನ ಅಂಶ ತೀರಾ ಕಡಿಮೆ. ಅದೇ ಗಾಳಿ ಮನೆಯೊಳಗೆ 20 ಡಿಗ್ರಿಗೆ ಕಾದಾಗ ತೇವಾಂಶ ಶೇಕಡಾ 20ಕ್ಕಿಂತಲೂ ಕೆಳಗಿಳಿಯಬಹುದು. ಆಗ ಅದು ನಿಮ್ಮ ಕಾಲು, ತುಟಿ, ಮೂಗು ಎಲ್ಲ ಕಡೆಯಿಂದಲೂ ನೀರು ಹೀರುತ್ತದೆ. ಹೊಸದಾಗಿ ಬಂದವರು ಜಾಕೆಟ್‌ಗೆ ಸುರಿಯುವ ದುಡ್ಡು ನೋಡಿ ನನಗೆ ಅನಿಸುವುದುಂಟು, ಇದರಲ್ಲಿ ಸ್ವಲ್ಪ ಒಳ್ಳೆ ಕ್ರೀಮಿಗೂ ಇಡಬಾರದಾ ಅಂತ.

ಸುಡುನೀರು ಚರ್ಮದ ಎಣ್ಣೆಯನ್ನೇ ತೊಳೆದುಬಿಡುತ್ತದೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಮುಗಿಸಿ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಟವೆಲಿನಲ್ಲಿ ಉಜ್ಜಬೇಡಿ, ಒತ್ತಿ ಒರೆಸಿ. ಮೈ ಇನ್ನೂ ಹಸಿಯಾಗಿರುವಾಗಲೇ ಗಟ್ಟಿ ಕ್ರೀಮೋ ಪೆಟ್ರೋಲಿಯಂ ಜೆಲ್ಲಿಯೋ ಹಚ್ಚಿ. ಪರಿಮಳದ ತೆಳು ಲೋಷನ್ ಬೇಡ.

ಹ್ಯೂಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಯಂತ್ರ) ಇದ್ದರೆ ತೇವಾಂಶ ಶೇಕಡಾ 30–40 ಇರಲಿ. ಕಿಟಕಿ ಗಾಜಿನ ಒಳಗಡೆ ನೀರು ಇಳಿಯತೊಡಗಿದರೆ ಕಡಿಮೆ ಮಾಡಿ, ಇಲ್ಲವಾದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಯಂತ್ರದ ನೀರು ದಿನಾ ಬದಲಿಸಿ. ಮೂಗಿಗೆ ಉಪ್ಪುನೀರಿನ ಸ್ಪ್ರೇ ಬಳಸಿ. ರಕ್ತ ಸುರಿಯತೊಡಗಿದರೆ ಮುಂದಕ್ಕೆ ಬಾಗಿ ಕೂತು, ಮೂಗಿನ ಮೆತ್ತನೆಯ ಭಾಗವನ್ನು 10–15 ನಿಮಿಷ ಒತ್ತಿ ಹಿಡಿಯಿರಿ. ತಲೆ ಹಿಂದಕ್ಕೆ ಎತ್ತಬೇಡಿ. ಎರಡು ವಾರದಲ್ಲಿ ತುರಿಕೆ ಇಳಿಯದಿದ್ದರೆ ತೋರಿಸಿಕೊಳ್ಳಿ.

ಇನ್ನೊಬ್ಬರು: ಸರ್, ಇದರ ಜೊತೆಗೇ ಕೇಳಿಬಿಡ್ತೇನೆ. ಎರಡೆರಡು ಜೊತೆ ಸಾಕ್ಸ್ ಹಾಕಿದರೂ ಕಾಲ್ಬೆರಳು ಮರಗಟ್ಟುತ್ತವಲ್ಲ?

ಡಾಕ್ಟರ್: ಎರಡು ಜೊತೆ ತುರುಕಿದರೆ ಶೂ ಬಿಗಿಯಾಗಿ ರಕ್ತ ಓಡಾಡುವುದೇ ಕಡಿಮೆಯಾಗುತ್ತದೆ. ಉಣ್ಣೆಯದು ಒಂದೇ ಜೊತೆ ಹಾಕಿ, ಒಳಗೆ ಬೆರಳು ಆಡಿಸಲು ಜಾಗ ಇರಲಿ. ಹತ್ತಿಯದು ಬೆವರು ಕುಡಿದು ತಣ್ಣಗಾಗುತ್ತದೆ. ಬೆರಳು ಬಿಳಚಿ, ಮೇಣದ ಹಾಗೆ ಕಂಡು, ಮುಟ್ಟಿದ್ದೇ ಗೊತ್ತಾಗದಿದ್ದರೆ ತಕ್ಷಣ ಒಳಗೆ ಬನ್ನಿ. ತಿಕ್ಕಬೇಡಿ. ಹೀಟರಿಗೆ ಹಿಡಿಯಲೂಬೇಡಿ, ಮರಗಟ್ಟಿದ ಚರ್ಮಕ್ಕೆ ಸುಟ್ಟರೂ ತಿಳಿಯುವುದಿಲ್ಲ. 37–39 ಡಿಗ್ರಿ ನೀರಲ್ಲಿ ಅದ್ದಿಡಿ. ಅರ್ಧ ಗಂಟೆಯಾದರೂ ಸ್ಪರ್ಶ ಬರದಿದ್ದರೆ ಅಥವಾ ಬೊಬ್ಬೆ ಎದ್ದರೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ. ತಲೆಸ್ನಾನನೂ ಬೆಚ್ಚಗಿನ ನೀರಲ್ಲೇನಾ?

ಡಾಕ್ಟರ್: ಹೌದು. ಕೂದಲು ಪೂರ್ತಿ ಒಣಗಿಸಿಕೊಂಡೇ ಹೊರಗೆ ಹೋಗಿ. ಒದ್ದೆ ಕೂದಲಿನಿಂದ ನೆಗಡಿ ಬರುವುದಿಲ್ಲ, ನೆಗಡಿ ತರುವುದು ವೈರಸ್. ಆದರೆ ಮೈನಸ್ ಹತ್ತರಲ್ಲಿ ಕೂದಲು ಕಡ್ಡಿಯ ಹಾಗೆ ಹೆಪ್ಪುಗಟ್ಟುತ್ತದೆ.