ಅಪ್‌ಲೋಡ್ ಬಾರ್ 100% ಆಗಿ ಅಲ್ಲೇ ಕೂತುಬಿಡುತ್ತೆ

ವಿಜಯನಗರ_ವೆಬ್:
ನಮಸ್ಕಾರ. ನಮ್ಮ ಬಡಾವಣೆಯಲ್ಲಿ ರಾಜ್ಯೋತ್ಸವಕ್ಕೆ ಫೋಟೋ ಸ್ಪರ್ಧೆ, ಫೋಟೋ ಕಳಿಸೋ ಪುಟ ಮಾಡೋ ಕೆಲಸ ನನ್ನ ತಲೆಗೆ ಬಂತು. ಎಕ್ಸ್‌ಎಚ್‌ಆರ್ (ಪುಟದಿಂದ ಸರ್ವರಿಗೆ ಡೇಟಾ ಕಳಿಸೋ ಬ್ರೌಸರಿನ ಹಳೇ ವಿಧಾನ) ಬಳಸಿ ಪ್ರೋಗ್ರೆಸ್ ಬಾರ್ ಹಾಕಿದೀನಿ. ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಇದೆ. ಜನ ಫೋನಿಂದ 6-8 ಎಂಬಿ ಫೋಟೋ ಹಾಕಿದರೆ ಮಾತ್ರ ಬಾರ್ 100% ಮುಟ್ಟಿ, ಆಮೇಲೆ 15-20 ಸೆಕೆಂಡ್ ಅಲ್ಲಾಡಲ್ಲ. ಎದುರುಮನೆ ಆಂಟಿ ಬಟನ್ ನಾಲ್ಕು ಸಲ ಒತ್ತಿ, ಒಂದೇ ರಂಗೋಲಿ ನಾಲ್ಕು ಎಂಟ್ರಿ ಆಗಿದೆ. ಅದೇ ಕೆಲಸದ ಹೊಸ ವಿಧಾನ ಫೆಚ್‌ಗೆ ಬದಲಾಯಿಸಿದರೆ ಸರಿಹೋಗುತ್ತಾ?

ಫಿಲ್ಟರ್_ಕಾಫಿ:
ನೆಟ್ ಸ್ಲೋ ಇರಬೇಕು ಗುರು. ಬಾರನ್ನ 90ಕ್ಕೆ ನಿಲ್ಲಿಸಿ, ಉತ್ತರ ಬಂದ ಮೇಲೆ 100 ಮಾಡು. ನಾವೆಲ್ಲ ಹಂಗೇ ಮಾಡೋದು.

ಸಂಜೆ_ಪಾಳಿ:
ಅದು ಮನೇಲೇ ಕೂತು "ಸಿಲ್ಕ್ ಬೋರ್ಡ್ ದಾಟಿದೆ, ಐದೇ ನಿಮಿಷ" ಅಂದಂಗೆ ಆಯ್ತು.

ನೆಟ್ ಸ್ಲೋ ಆಗಿದ್ರೆ ಬಾರ್ 40ರಲ್ಲೋ 60ರಲ್ಲೋ ತೆವಳಬೇಕಿತ್ತು. ಇಲ್ಲಿ ಬೈಟ್‌ಗಳೆಲ್ಲ ಹೊರಟಾಗಿದೆ. ಅಪ್‌ಲೋಡಿನ ಪ್ರೋಗ್ರೆಸ್ ಇವೆಂಟ್ (ಬ್ರೌಸರ್ ನಿಮ್ಮ ಕೋಡಿಗೆ ಕೊಡೋ ಸೂಚನೆ) ಹೇಳೋದು ಒಟ್ಟು ಇಷ್ಟರಲ್ಲಿ ಇಷ್ಟು ಕಳಿಸಿದೆ ಅಂತ, ಅಷ್ಟೇ. ಆಮೇಲೆ ಸರ್ವರ್ ಏನು ಮಾಡ್ತಿದೆ ಅಂತ ಬ್ರೌಸರಿಗೆ ಗೊತ್ತಿಲ್ಲ. ಫೋಟೋ ಬಂದ ಮೇಲೆ ಸರ್ವರಲ್ಲಿ ಏನಾದ್ರೂ ಕೆಲಸ ಇದೆಯಾ?

ಫೆಚ್‌ಗೆ ಹೋಗಬೇಡಿ. ಅದರಲ್ಲಿ ಅಪ್‌ಲೋಡ್ ಎಷ್ಟಾಯ್ತು ಅಂತ ಹೇಳೋ ಇವೆಂಟೇ ಇಲ್ಲ.

ವಿಜಯನಗರ_ವೆಬ್:
ಇದೆ ಸರ್. ಮೂರು ಸೈಜಿನ ಪ್ರತಿ ಮಾಡಿ, ಆಮೇಲೇ ಉತ್ತರ ಕಳಿಸುತ್ತೆ. ನಾನು ಟೆಸ್ಟ್ ಮಾಡಿದ್ದು 200 ಕೆಬಿ ಚಿತ್ರದಲ್ಲಿ. ಅದಕ್ಕೇ ಗೊತ್ತಾಗಲಿಲ್ಲ, ನಗಬೇಡಿ.

ಸಂಜೆ_ಪಾಳಿ:
ಎಲ್ಲರೂ ಮಾಡಿರೋದೇ ಬಿಡಿ.

ಕಳಿಸುವಾಗ ಶೇಕಡಾ ತೋರಿಸಿ. ಅಪ್‌ಲೋಡ್ ಮುಗಿದ ಕ್ಷಣ ಪ್ರೋಗ್ರೆಸ್ ಎಲಿಮೆಂಟಿಂದ ವ್ಯಾಲ್ಯೂ ತೆಗೆದುಬಿಡಿ. ಆಗ ಅದು ಅಂಕಿ ಇಲ್ಲದೆ ಬರೀ ಓಡಾಡೋ ಬಾರ್ ಆಗುತ್ತೆ. ಪಕ್ಕದಲ್ಲಿ "ಫೋಟೋ ತಲುಪಿದೆ, ಸಿದ್ಧವಾಗುತ್ತಿದೆ" ಅಂತ ಬರೀರಿ. ಸಮಯ ಇದ್ರೆ, ಸರ್ವರ್ ಫೋಟೋ ಉಳಿಸಿಕೊಂಡು ತಕ್ಷಣ 202 (ಸಿಕ್ಕಿದೆ, ಕೆಲಸ ಇನ್ನೂ ಮುಗಿದಿಲ್ಲ ಅನ್ನೋ ಕೋಡ್) ಜೊತೆ ಎಂಟ್ರಿ ನಂಬರ್ ಕಳಿಸಲಿ, ಪುಟ 2 ಸೆಕೆಂಡಿಗೊಮ್ಮೆ "ಆಯ್ತಾ" ಅಂತ ಕೇಳಲಿ. ನಾನಾದ್ರೆ ಇದನ್ನೇ ಮಾಡ್ತೀನಿ.

ಡಬಲ್ ಎಂಟ್ರಿಗೆ ಬಟನ್ ಡಿಸೇಬಲ್ ಮಾಡಿದರೆ ಸಾಲದು. ಮೆಟ್ರೋ ಸುರಂಗಕ್ಕೆ ಇಳಿದಾಗ ನೆಟ್ ಹೋಯ್ತು ಅನ್ನಿ. ಫೋಟೋ ತಲುಪಿರುತ್ತೆ, ಉತ್ತರ ಬಂದಿರಲ್ಲ. ಪಾಪ, ಮತ್ತೆ ಒತ್ತಲೇಬೇಕಲ್ಲ! ಅದಕ್ಕೆ ಫೋಟೋ ಆರಿಸಿದಾಗಲೇ ಒಂದು ಯುಯುಐಡಿ (ಬೇರೆ ಯಾವುದಕ್ಕೂ ಹೊಂದದ ಗುರುತಿನ ಸಂಖ್ಯೆ) ಮಾಡಿ, ಮತ್ತೆ ಕಳಿಸಿದಾಗಲೂ ಅದನ್ನೇ ಕಳಿಸಿ. ಅದೇ ಐಡಿ ಎರಡನೇ ಸಲ ಬಂದರೆ ಸರ್ವರ್ ಹೊಸ ಎಂಟ್ರಿ ಮಾಡದೆ ಹಳೇ ಉತ್ತರವನ್ನೇ ಕೊಡಲಿ. ಆ ಐಡಿ ಮಾಡಿಕೊಡೋ ಬ್ರೌಸರಿನ ರಾಂಡಮ್‌ಯುಯುಐಡಿ ಲೈವ್ ಸೈಟಲ್ಲಿ ಎಚ್‌ಟಿಟಿಪಿಎಸ್ ಇದ್ದರೆ ಮಾತ್ರ ಸಿಗೋದು, ನೋಡಿಕೊಳ್ಳಿ.

ಇನ್ನೊಂದು: ಸರ್ವರ್ 500 (ನನ್ನಲ್ಲೇ ತಪ್ಪಾಯ್ತು ಅನ್ನೋ ಕೋಡ್) ಕೊಟ್ಟರೂ ಎಕ್ಸ್‌ಎಚ್‌ಆರ್‌ನಲ್ಲಿ ಎರರ್ ಇವೆಂಟ್ ಬರಲ್ಲ, ಉತ್ತರ ಬಂತು ಅನ್ನೋ ಲೋಡ್ ಇವೆಂಟೇ ಬರೋದು. ಸ್ಟೇಟಸ್ ಕೋಡ್ ನೀವೇ ನೋಡಬೇಕು. ಬಟನ್ ಮತ್ತೆ ಎನೇಬಲ್ ಮಾಡೋದನ್ನ ಲೋಡ್‌ಎಂಡ್ ಇವೆಂಟಲ್ಲಿ ಇಡಿ. ಗೆದ್ದರೂ ಸೋತರೂ ಟೈಮ್‌ಔಟ್ ಆದರೂ ಅದು ಬಂದೇ ಬರುತ್ತೆ.

ವಿಜಯನಗರ_ವೆಬ್:
202 ಹಾಕಿದೆ ಸರ್, ಐಡಿನೂ ಹಾಕಿದೆ. ನಿನ್ನೆಯಿಂದ ಒಂದೂ ಡಬಲ್ ಬಂದಿಲ್ಲ. ಆದರೆ ಎರಡು ಫೋಟೋ ಒಟ್ಟಿಗೆ ಹಾಕಿದರೆ, ಮೊದಲನೇದು ಮುಗಿದ ತಕ್ಷಣ ಬಾರ್ ಮಾಯ.

ಫಿಲ್ಟರ್_ಕಾಫಿ:
ಲೋಡಿಂಗ್ ಅಂತ ಒಂದೇ ಟ್ರೂ-ಫಾಲ್ಸ್ ಇಟ್ಟಿದೀಯಾ ಅಲ್ವಾ? ಎಣಿಕೆ ಇಡು. ಹೊರಟಾಗ ಒಂದು ಕೂಡಿಸು, ಮುಗಿದಾಗ ಕಳಿ, ಸೊನ್ನೆ ಆದಾಗ ಬಾರ್ ತೆಗಿ. (ಈ ಸಲ ಸರಿಯಾಗಿ ಹೇಳಿದೀನಿ.)

ವಿಜಯನಗರ_ವೆಬ್:
ಸರಿಹೋಯ್ತು, ಇಬ್ಬರಿಗೂ ಥ್ಯಾಂಕ್ಸ್. ಹಳೇ ಡಬಲ್ ಎಂಟ್ರಿಗಳನ್ನೂ ಅಳಿಸಿದೆ. ಈಗ ಆಂಟಿ ಬಂದು, ನನ್ನ ಉಳಿದ ಮೂರು ರಂಗೋಲಿ ಎಲ್ಲಿ ಹೋಯ್ತು ಅಂತ ಕೇಳ್ತಿದಾರೆ.