ಚಂದ್ರನ ಹಳೇ ನಕ್ಷೆಯಲ್ಲಿ ಮೇರ್ ಕ್ರಿಸಿಯಂ ಎಂಬ ಕಪ್ಪು ಕಲೆ ಪಶ್ಚಿಮಕ್ಕೆ, ಆ್ಯಪ್‌ನಲ್ಲಿ ಪೂರ್ವಕ್ಕೆ. ಯಾವುದು ಸರಿ?

ಪೆರ್ಲದ ಹುಡುಗ:
ನನ್ನ ಹತ್ರ ಸಣ್ಣ ನ್ಯೂಟೋನಿಯನ್ (ಕನ್ನಡಿಯ) ದೂರದರ್ಶಕ ಉಂಟು, ಮೋಟಾರ್ ಇರುವ ಈಕ್ವಟೋರಿಯಲ್ ಸ್ಟ್ಯಾಂಡಿನದ್ದು (ಧ್ರುವದ ಕಡೆಗಿನ ಅಕ್ಷದ ಮೇಲೆ ತಿರುಗಿ ಆಕಾಶವನ್ನು ಹಿಂಬಾಲಿಸುವಂಥದ್ದು). 1950ರ ದಶಕದ ಒಂದು ಪುಸ್ತಕ ಸಿಕ್ಕಿತು, ಅದರ ಚಂದ್ರನ ನಕ್ಷೆಯಲ್ಲಿ ಮೇರ್ ಕ್ರಿಸಿಯಂ ಪಶ್ಚಿಮದ ಬದಿಗೆ. ಫೋನಿನ ಆ್ಯಪ್‌ನಲ್ಲಿ ನೋಡಿದರೆ 59 ಡಿಗ್ರಿ ಪೂರ್ವ ರೇಖಾಂಶ! ಕನ್ನಡಿ ಬಿಚ್ಚಿ ಜೋಡಿಸಬೇಕಾ?

ಕುಂಬಳೆ ಕಡಲು:
ನ್ಯೂಟೋನಿಯನ್‌ನಲ್ಲಿ ಚಿತ್ರ ತಲೆಕೆಳಗೆ ತಿರುಗಿರ್ತದೆ ಅಷ್ಟೆ, ಕನ್ನಡಿಬಿಂಬ ಅಲ್ಲ. ಫೋನ್ ತಿರುಗಿಸಿ ಹಿಡಿ. ಡಯಾಗನಲ್ (ಬೆಳಕನ್ನು ಬದಿಗೆ ತಿರುಗಿಸುವ ಕನ್ನಡಿ) ಹಾಕಿದ ರಿಫ್ರ್ಯಾಕ್ಟರ್ (ಮಸೂರದ ದೂರದರ್ಶಕ) ಆದ್ರೆ ಎಷ್ಟು ತಿರುಗಿಸಿದ್ರೂ ಹೊಂದುವುದಿಲ್ಲ, ಆ್ಯಪ್‌ನಲ್ಲೇ ಚಿತ್ರ ಮಗುಚಬೇಕು.

ಪೆರ್ಲದ ಹುಡುಗ:
ಅದು ಮಾಡಿ ಆಯ್ತು ಅಣ್ಣ. ಆಕಾರ ಹೊಂದ್ತದೆ, ದಿಕ್ಕಿನ ಹೆಸರು ಹೊಂದುವುದಿಲ್ಲ.

ಮುಳ್ಳೇರಿಯ ಮಾಷ್ಟ್ರು:
ಕನ್ನಡಿ ಮುಟ್ಟಬೇಡ ಮಾರಾಯ! ಎರಡು ನಕ್ಷೆಯೂ ಸರಿಯೇ. ಹಳೇ ಪುಸ್ತಕದ್ದು ನಮ್ಮ ಆಕಾಶದ ದಿಕ್ಕು: ಚಂದ್ರನ ಯಾವ ಅಂಚು ನಮ್ಮ ಪಡುವಣದ ಕಡೆ ಇರ್ತದೋ ಅದು ಪಶ್ಚಿಮ. ಆ್ಯಪ್‌ನದ್ದು ಚಂದ್ರನ ಮೇಲೆ ನಿಂತವನ ದಿಕ್ಕು: ಅವನಿಗೆ ಸೂರ್ಯ ಹುಟ್ಟುವ ಕಡೆ ಪೂರ್ವ. ಬಾಹ್ಯಾಕಾಶಯಾನದ ಕಾಲ ಬಂತಲ್ಲ, 1961ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಎರಡನೆಯದನ್ನೇ ಒಪ್ಪಿತು. ಪೂರ್ವ-ಪಶ್ಚಿಮ ಅದಲುಬದಲು. ಪಾಪ, ಮೇರ್ ಓರಿಯೆಂಟಾಲೆ, ಅಂದರೆ ಮೂಡಣ ಸಮುದ್ರ, ಅದೇ ಹೆಸರು ಹೊತ್ತು ಈಗ ಪಶ್ಚಿಮದ ಅಂಚಿನಲ್ಲಿ ಉಂಟು.

ನೀನೇ ಪರೀಕ್ಷಿಸು. ಮೋಟಾರ್ ಆಫ್ ಮಾಡು. ಚಂದ್ರ ಜಾರುವ ಕಡೆ ಆಕಾಶದ ಪಶ್ಚಿಮ. ಕ್ರಿಸಿಯಂ ಇರುವ ಬದಿಯೇ ಮೊದಲು ಹೊರಗೆ ಹೋಗ್ತದೆ. ಇಡೀ ಬಿಂಬ ದಾಟಲಿಕ್ಕೆ ಸುಮಾರು 2 ನಿಮಿಷ. ಇನ್ನು ಅಮಾವಾಸ್ಯೆ ಕಳೆದು ತದಿಗೆ-ಚೌತಿಗೆ ನೋಡಿದರೆ ಕ್ರಿಸಿಯಂ ಆಗಲೇ ಬೆಳಗಿರ್ತದೆ, ಅಲ್ಲಿ ಬೆಳಗಾಗುವುದು ಬೇಗ. ಚಂದ್ರನ ಲೆಕ್ಕಕ್ಕೆ ಅದು ಪೂರ್ವ ಅಂತ ಕಣ್ಣಾರೆ ಕಾಣ್ತದೆ. (ಭಾದ್ರಪದದ ಚೌತಿ ಆದ್ರೆ ಪಂಚಮಿಗೆ ನೋಡು, ಅಜ್ಜಿಯ ಬೈಗುಳ ಯಾಕೆ?)

ಎಡ-ಬಲ ಮಾತ್ರ ನಂಬಬೇಡ. ಯುರೋಪಿನ ಪುಸ್ತಕಗಳು ದಕ್ಷಿಣಕ್ಕೆ ಮುಖ ಮಾಡಿ ನಿಂತವರಿಗೆ ಬರೆದದ್ದು. ಅವರಿಗೆ ಪಶ್ಚಿಮ ಬಲಕ್ಕೆ. ನಾವಿರುವುದು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಂದ್ರ ಕೆಲವು ರಾತ್ರಿ ನೆತ್ತಿಗಿಂತ ಬಡಗಿಗೆ ದಾಟ್ತಾನೆ, ಆಗ ಉತ್ತರಕ್ಕೆ ತಿರುಗಿ ನೋಡುವವನಿಗೆ ಪಶ್ಚಿಮ ಎಡಕ್ಕೆ.

ಪೆರ್ಲದ ಹುಡುಗ:
ಮೋಟಾರ್ ಆಫ್ ಮಾಡಿ ನೋಡಿದೆ ಮಾಷ್ಟ್ರೆ, ಕ್ರಿಸಿಯಂ ಬದಿಯೇ ಮೊದಲು ಹೋಯ್ತು. ಜೋಡಿ ನಕ್ಷತ್ರಕ್ಕೆ ಯಾವ ಪೂರ್ವ?

ಮುಳ್ಳೇರಿಯ ಮಾಷ್ಟ್ರು:
ಆಕಾಶದ್ದು. ಉತ್ತರದಿಂದ ಶುರುಮಾಡಿ ಪೂರ್ವದ ಕಡೆಗೆ ಕೋನ ಎಣಿಸುವುದು. ಅಲ್ಬಿರಿಯೋ ಎಂಬ ಜೋಡಿ ನಕ್ಷತ್ರದ ನೀಲಿ ಜೊತೆಗಾರ ಸುಮಾರು 54 ಡಿಗ್ರಿ, ಅಂದರೆ ಈಶಾನ್ಯಕ್ಕೆ. ಉತ್ತರ ಯಾವ ಕಡೆ ಅಂತ ತಿಳಿಯದಿದ್ರೆ ಕೊಳವೆಯನ್ನು ಧ್ರುವ ನಕ್ಷತ್ರದ ಕಡೆ ಸ್ವಲ್ಪ ನೂಕು. ಹೊಸ ನಕ್ಷತ್ರ ಯಾವ ಅಂಚಿನಿಂದ ಒಳಗೆ ಬರ್ತದೋ ಅದೇ ಉತ್ತರ. ಅಡಿಕೆ ತೋಟದ ಮರೆಯಲ್ಲಿ ಧ್ರುವ ಕಾಣದಿದ್ರೂ ಅಡ್ಡಿಯಿಲ್ಲ, ಸ್ಟ್ಯಾಂಡಿನ ಅಕ್ಷ ತೋರಿಸುವ ಕಡೆಗೇ ನೂಕು.