ಅಲ್ಲಿನವರ ಮನೆಯಲ್ಲಿ ಉಳಿದು ಬಂದವರೇ, ಸ್ವಲ್ಪ ಹೇಳಿ

ಕೇಳಿದ್ದು: ಮೊದಲ ಸಲ ಯುರೋಪಿಗೆ ಒಬ್ಬಳೇ ಹೊರಟಿದ್ದೇನೆ. ವೀಸಾಕ್ಕೆ ಇನ್ನೂ ಅರ್ಜಿ ಹಾಕಿಲ್ಲ. ಹೋಟೆಲ್ ಬದಲು ಅಲ್ಲಿನವರ ಮನೆಯಲ್ಲೇ ಉಳಿಯೋಣ ಅಂತ ಆಸೆ. ಗುರುತು ಪರಿಚಯ ಇಲ್ಲದವರ ಮನೆ ಅಂತ ಅಳುಕೂ ಇದೆ. ಉಳಿದು ಬಂದವರು ಅನುಭವ ಹೇಳ್ತೀರಾ?

*

ಧಾರಾಳವಾಗಿ ಉಳಿಯಿರಿ. ಪ್ರವಾಸಿಗರನ್ನು ಮನೆಯಲ್ಲಿ ಉಳಿಸಿಕೊಳ್ಳುವವರನ್ನು ಹುಡುಕಿಕೊಡೋ ವೆಬ್‌ಸೈಟ್‌ಗಳಿವೆ, ಎಲ್ಲರಿಗೂ ಗೊತ್ತಿರುವುದು ಕೌಚ್‌ಸರ್ಫಿಂಗ್. 2020ರಲ್ಲಿ ಅವರು ಸದಸ್ಯತ್ವಕ್ಕೆ ಹಣ ಕೇಳೋಕೆ ಶುರು ಮಾಡಿದ ಮೇಲೆ ಒಂದಷ್ಟು ಜನ ಅಂಥದ್ದೇ ಇನ್ನೊಂದು ಸೈಟ್ ಬಿವೆಲ್‌ಕಮ್ ಕಡೆ ಬಂದರು. ಅದು ಪುಕ್ಕಟೆ, ನಡೆಸುವವರೂ ಸ್ವಯಂಸೇವಕರೇ. ಸೈಕಲ್‌ನಲ್ಲಿ ಸುತ್ತುವವರಿಗೆ ವಾರ್ಮ್‌ಷವರ್ಸ್ ಇದೆ.

ನನ್ನ ಓಟು ಮಾತ್ರ ಸರ್ವಾಸ್‌ಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ದೇಶ ದೇಶಗಳ ಜನ ಒಬ್ಬರ ಮನೆಗೊಬ್ಬರು ಹೋಗಿ ಬಂದರೆ ದ್ವೇಷ ಕಡಿಮೆಯಾದೀತು ಅಂತ ಹುಟ್ಟಿದ ಬಳಗ. ಸೇರಬೇಕಾದರೆ ಮೊದಲು ಸಂದರ್ಶನ ಮಾಡುತ್ತಾರೆ, ಆಮೇಲೆ ಪರಿಚಯ ಪತ್ರ ಕೊಡುತ್ತಾರೆ. ಒಂದು ಮನೆಯಲ್ಲಿ ಸಾಮಾನ್ಯವಾಗಿ ಎರಡು ರಾತ್ರಿ. ಸಂದರ್ಶನಕ್ಕೆ ಟೈಮ್ ಹಿಡಿಯುತ್ತೆ, ಈಗಲೇ ಶುರು ಮಾಡಿ. ಸಂಜೆ ಕೂತು ಹರಟೋಕೆ ಮನಸ್ಸಿಲ್ಲ, ಮಲಗೋಕೆ ಜಾಗ ಸಿಕ್ಕರೆ ಸಾಕು ಅನ್ನುವವರಿಗೆ ಇದ್ಯಾವುದೂ ಬೇಡ, ಪ್ರವಾಸಿಗರ ಹಾಸ್ಟೆಲ್ಲೇ ವಾಸಿ.

*

ಒಬ್ಬಳೇ ಓಡಾಡುವವಳಾಗಿ ಹೇಳುತ್ತೇನೆ. ಪ್ರೊಫೈಲಿನ ಫೋಟೋ ನೋಡಿ ಮರುಳಾಗಬೇಡಿ, ಉಳಿದು ಹೋದವರು ಬರೆದಿದ್ದನ್ನು ಓದಿ. ಅದರಲ್ಲೂ ಒಂಟಿ ಹೆಂಗಸರು ಬರೆದಿದ್ದನ್ನು. 'ತುಂಬಾ ಒಳ್ಳೆಯವರು' ಅನ್ನೋ ಒಂದು ಸಾಲಿಗೆ ನಾನು ಬೆಲೆ ಕೊಡಲ್ಲ. ಅವರ ಜೊತೆ ಏನು ಮಾಡಿದರು, ಎಲ್ಲಿ ಮಲಗಿದರು ಅಂತ ಬರೆದಿದ್ದರೆ ನಂಬಬಹುದು. ಮಲಗೋ ಜಾಗ ಬೇರೆ ಕೋಣೆಯೋ, ಹಾಲ್‌ನ ಸೋಫಾನೋ, ಅವರದೇ ಕೋಣೆಯೋ ಅಂತ ಪ್ರೊಫೈಲಿನಲ್ಲಿ ಇರುತ್ತದೆ. ಇಲ್ಲದಿದ್ದರೆ ನೇರವಾಗಿ ಕೇಳಿ, ಸಂಕೋಚ ಬೇಡ. ನೆಟ್ಟಗೆ ಉತ್ತರ ಕೊಡದೆ ಜಾರಿಕೊಂಡರೆ ಆ ಮನೆ ಬಿಟ್ಟುಬಿಡಿ. ಮುಂಚೆ ಒಂದು ವಿಡಿಯೋ ಕಾಲ್ ಮಾಡಿ, ಅವರ ವಿಳಾಸವನ್ನು ನಿಮ್ಮ ಮನೆಯವರಿಗೆ ಕಳಿಸಿ. ಹತ್ತಿರದ ಒಂದು ಹಾಸ್ಟೆಲ್ ನೋಡಿಟ್ಟುಕೊಂಡಿರಿ, ಒಂದು ರಾತ್ರಿಗಾಗುವಷ್ಟು ದುಡ್ಡು ಬೇರೆ ಇಟ್ಟಿರಿ. ಮನಸ್ಸಿಗೆ ಸರಿ ಬರದಿದ್ದರೆ ಬ್ಯಾಗ್ ಎತ್ತಿಕೊಂಡು ಹೊರಡಿ. ಕಾರಣ ಕೊಡಬೇಕಾಗಿಲ್ಲ.

*

ವೀಸಾದ ಮಾತು ಯಾರೂ ಎತ್ತಲಿಲ್ಲವಲ್ಲ! ಎಲ್ಲಿ ಉಳಿಯುತ್ತೀರಿ ಅನ್ನೋದಕ್ಕೆ ಷೆಂಗೆನ್ (ಯುರೋಪಿನ ಬಹಳಷ್ಟು ದೇಶಗಳಿಗೆ ಒಟ್ಟಿಗೆ ಸಿಗೋ ವೀಸಾ) ಅರ್ಜಿಯಲ್ಲಿ ದಾಖಲೆ ಕೇಳುತ್ತಾರೆ. ಫ್ರಾನ್ಸ್‌ನಲ್ಲಿ ಒಬ್ಬರ ಮನೆಯಲ್ಲಿ ಉಳಿಯೋದಾದರೆ, ಆ ಮನೆಯವರೇ ತಮ್ಮ ಊರಿನ ಮೇಯರ್ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಒಂದು ಪತ್ರ ಮಾಡಿಸಬೇಕು. ಮುಖ ನೋಡದವರಿಗೆ ಇಷ್ಟೆಲ್ಲ ಮಾಡಿ ಅನ್ನೋದು ಕಷ್ಟ ಅಲ್ವಾ? ಇಟಲಿಯಲ್ಲಿ ಯುರೋಪ್ ಒಕ್ಕೂಟದ ಹೊರಗಿನವರನ್ನು ಇಟ್ಟುಕೊಂಡ ಮನೆಯವರು 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಮುಂದೆ ಯಾವಾಗಲಾದರೂ ಚೀನಾಕ್ಕೆ ಹೋದರೆ ಅಲ್ಲಿ 24 ಗಂಟೆ.

*

ಹೊಲದಲ್ಲಿ ಕೆಲಸ ಮಾಡಿಕೊಟ್ಟು ಊಟ, ವಸತಿ ಪಡೆಯೋ ವೂಫ್ ಬಗ್ಗೆ ಯಾರಾದರೂ ಹೇಳಬಹುದು. 1971ರಿಂದ ಇರುವಂಥದ್ದು, ಚೆನ್ನಾಗೂ ಇದೆ. ಆದರೆ ಸಂಬಳ ಇಲ್ಲದಿದ್ದರೂ ಎಷ್ಟೋ ದೇಶಗಳು ಅದನ್ನು ದುಡಿಮೆ ಅಂತಲೇ ಲೆಕ್ಕ ಹಾಕುತ್ತವೆ. ಟೂರಿಸ್ಟ್ ವೀಸಾದಲ್ಲಿ ಕೈ ಹಾಕಬೇಡಿ.

*

ಮನೆಯೊಳಗಿನ ಸಣ್ಣ ಪುಟ್ಟ ವಿಷಯ ನಾನು ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಬಾಗಿಲು ಎಳೆದುಕೊಂಡರೆ ತಾನೇ ಲಾಕ್ ಆಗುತ್ತದೆ. ಕಸ ಹಾಕಿ ಬರೋಣ ಅಂತ ಹೊರಗೆ ಕಾಲಿಟ್ಟರೂ ಕೀ ಜೇಬಿನಲ್ಲಿರಲಿ. ನಾನಿದ್ದ ಒಂದು ಮನೆಯ ಅಜ್ಜಿ ಕೀ ಕೈಗಿಟ್ಟು, ಹಿಡಿಯನ್ನು ಸ್ವಲ್ಪ ಮೇಲಕ್ಕೆತ್ತಿ ಆಮೇಲೆ ತಿರುಗಿಸು ಅಂತ ನನ್ನ ಕೈಯಲ್ಲೇ ಮಾಡಿಸಿ ನೋಡಿದರು. ನಾನೊಬ್ಬನೇ ತೆಗೆದು ಒಳಗೆ ಬರೋವರೆಗೂ ಪಕ್ಕದಲ್ಲೇ ನಿಂತಿದ್ದರು. ಹೀಗೆ ತೋರಿಸುವವರು ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ನೀವೇ ಕೇಳಿ. ಬಾತ್‌ರೂಮಿನಲ್ಲಿ ಷವರ್ ಇರೋ ಜಾಗ ಬಿಟ್ಟು ಬೇರೆ ಕಡೆ ನೀರು ಹೋಗೋಕೆ ದಾರಿಯೇ ಇರಲ್ಲ, ನೆಲ ಒದ್ದೆ ಮಾಡಬೇಡಿ. ಜರ್ಮನಿಯಲ್ಲಿ ರಾತ್ರಿ 10ರ ನಂತರ, ಭಾನುವಾರವಂತೂ ಇಡೀ ದಿನ, ಸದ್ದು ಮಾಡೋ ಹಾಗಿಲ್ಲ. ಏನು ತಿನ್ನಲ್ಲ ಅನ್ನೋದನ್ನು ಹೊರಡೋ ಮೊದಲೇ ಬರೆದು ತಿಳಿಸಿ. ಅವರು ಅಡುಗೆ ಮಾಡಿ ಬಡಿಸಿದ ಮೇಲೆ ಹೇಳಿದರೆ ಇಬ್ಬರಿಗೂ ಕಸಿವಿಸಿ.

*

ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್. ವೀಸಾದ ವಿಷಯ ಖಂಡಿತ ಗೊತ್ತಿರಲಿಲ್ಲ. ಇಳಿದ ದಿನವೇ ಮನೆಗೆ ಹೋಗಲಾ, ಒಂದೆರಡು ದಿನ ಬಿಟ್ಟಾ?

*

ಬಿಟ್ಟು ಹೋಗಿ. ವಿಮಾನ ತಡವಾದರೆ ಅವರು ನಿದ್ದೆಗೆಟ್ಟು ಕಾಯಬೇಕಾಗುತ್ತದೆ. ಮೊದಲೆರಡು ರಾತ್ರಿ ಹಾಸ್ಟೆಲ್‌ನಲ್ಲಿರಿ, ಸಿಮ್ ಹಾಕಿಸಿಕೊಳ್ಳಿ. ಮನೆಯವರನ್ನು ಮೊದಲು ಹೊರಗೆ ಒಂದು ಕೆಫೆಯಲ್ಲಿ ಭೇಟಿ ಮಾಡಿ, ಸರಿ ಅನ್ನಿಸಿದರೆ ಆಮೇಲೆ ಬ್ಯಾಗ್ ತೆಗೆದುಕೊಂಡು ಹೋಗಿ.